ಮೊದಲ ಪಾಠ: ಬಾಯಿ ಮುಚ್ಚಿಸುವುದು

ಗ್ರಂಥಾಲಯದ ಎರಡನೇ ಮಹಡಿಯ ಮೂಲೆಕೋಣೆಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಟೀಚರ್ ಕಿವಿಗೆ ಬಿದ್ದದ್ದು ಎರಡೇ ಸದ್ದು. ಒಂದು ಫ್ಯಾನಿನದು, ಇನ್ನೊಂದು ಅದರ ಕೆಳಗಿನ ಗೊರಕೆಯದು.

"ಅಂಚೆಯಜ್ಜಾ..."

ಗೊರಕೆ ಗಕ್ಕನೆ ನಿಂತಿತು. "ಎದ್ದೇ ಇದೀನಿ ಟೀಚರ್. ಪಾಠ ಕೇಳ್ತಿದ್ದೆ."

"ಪಾಠ ಇನ್ನೂ ಶುರುವಾಗಿಲ್ಲ."

"ಹಾಗಾದ್ರೆ ಹೋದ ವಾರದ್ದು ಮನನ ಮಾಡ್ತಿದ್ದೆ."

"ಬೇರೆಯವರೆಲ್ಲ?"

"ಯಾರೂ ಇಲ್ಲ. ನಾವಿಬ್ಬರು. ಫ್ಯಾನ್ ಸೇರಿಸಿದ್ರೆ ಮೂವರು."

ಟೀಚರ್ ಕೈಕೋಲನ್ನು ಮಡಚಿ ಚೀಲಕ್ಕೆ ಹಾಕಿ, ಕುರ್ಚಿಗಳ ಬೆನ್ನನ್ನು ಒಂದೊಂದಾಗಿ ತಡವುತ್ತ ತನ್ನ ಜಾಗಕ್ಕೆ ಹೋಗಿ ಕುಳಿತಳು. ಆರು ಕಂಪ್ಯೂಟರು, ಆರು ಕುರ್ಚಿ, ಆರು ಜೊತೆ ಹೆಡ್‌ಫೋನು. ಇದಿಷ್ಟನ್ನೂ ದಕ್ಕಿಸಿಕೊಳ್ಳಲು ಎರಡು ವರ್ಷ ಅರ್ಜಿ ಬರೆದು ಬರೆದು ಅವಳ ಬೆರಳು ಸವೆದಿದ್ದವು. ಶುರುವಿಗೆ ಆರು ಜನ ಸೇರಿದ್ದರು. ಎಲ್ಲರೂ ನಡುವಯಸ್ಸು ದಾಟಿದ ಮೇಲೆ ಕಣ್ಣು ಕಳೆದುಕೊಂಡವರು. ಎರಡನೇ ವಾರಕ್ಕೆ ನಾಲ್ವರಾದರು, ಮೂರನೇ ವಾರಕ್ಕೆ ಇಬ್ಬರು. ಈಗ ಉಳಿದದ್ದು ಊರೆಲ್ಲ ಕಾಗದ ಹಂಚಿ ನಿವೃತ್ತನಾದ ಅಂಚೆಯಜ್ಜ ಒಬ್ಬನೇ. ಅವನು ಬರುತ್ತಿದ್ದದ್ದು ಫ್ಯಾನಿಗಾಗಿ ಎಂಬ ಗುಮಾನಿ ಟೀಚರಿಗೆ ಮೊದಲಿನಿಂದಲೂ ಇತ್ತು.

ಅವಳು ಕಲಿಸುತ್ತಿದ್ದದ್ದು ಮಾತಾಡುವ ಎಡಿಟರನ್ನು. ಅಂದರೆ ಕಂಪ್ಯೂಟರಿನಲ್ಲಿ ಬರೆಯಲು, ತಿದ್ದಲು, ಬರೆದದ್ದನ್ನು ಉಳಿಸಿಡಲು ಇರುವ ಒಂದು ತಂತ್ರಾಂಶ. ಅಕ್ಷರ ಒತ್ತಿದರೆ ಅಕ್ಷರ ಹೇಳುತ್ತದೆ, ಒಂದು ಸಾಲು ಕೆಳಗಿಳಿದರೆ ಆ ಸಾಲನ್ನು ಓದಿ ಹೇಳುತ್ತದೆ. ಪರದೆಯ ಗೊಡವೆಯೇ ಬೇಡ. ಹುಟ್ಟಿನಿಂದ ಕಣ್ಣಿಲ್ಲದ ಟೀಚರ್ ಅದನ್ನು ಕಲಿತದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಬ್ಬಳೇ, ಎಂಟು ತಿಂಗಳು ಗೋಡೆಗೆ ತಲೆ ಚಚ್ಚಿಕೊಂಡು. ಆಗ ಇದ್ದದ್ದು ಮುನ್ನೂರು ಪುಟದ ಒಂದು ಕೈಪಿಡಿ. ಬಲ್ಲವರು ಬಲ್ಲವರಿಗಾಗಿ ಬರೆದದ್ದು. ತನಗಾದ ಫಜೀತಿ ಇನ್ನೊಬ್ಬರಿಗೆ ಆಗಬಾರದು ಎಂದು ಅವಳು ಕೂತು ಹನ್ನೆರಡು ಪಾಠ ಬರೆದು, ತನ್ನ ದನಿಯಲ್ಲಿ ಓದಿ, ನಡುನಡುವೆ ಯಂತ್ರವನ್ನೂ ಮಾತಾಡಿಸಿ ಧ್ವನಿಮುದ್ರಿಸಿದ್ದಳು. ವಿದ್ಯಾರ್ಥಿಗಳಿಗೆ ಏನೂ ತೊಂದರೆಯಾಗದಿರಲಿ ಎಂದು ತನ್ನ ಮನೆಯ ಕಂಪ್ಯೂಟರಿನ ಏರ್ಪಾಟುಗಳನ್ನೆಲ್ಲ, ಅಂದರೆ ಸೆಟ್ಟಿಂಗುಗಳನ್ನು, ಇಲ್ಲಿನ ಆರಕ್ಕೂ ಹಾಗೇ ನಕಲು ಮಾಡಿದ್ದಳು. ಇನ್ನೇನು ಮಾಡಬೇಕಿತ್ತು?

ಬಾಗಿಲ ಬಳಿ ಚಪ್ಪಲಿ ಕಿರ್ರೆಂದಿತು. ಗ್ರಂಥಪಾಲಕರು. ಒಳ್ಳೆಯ ಮನುಷ್ಯ, ಆದರೆ ಕೆಟ್ಟ ಸುದ್ದಿ ಹೇಳುವ ಮುಂಚೆ ಮೂರು ಸಲ ಕೆಮ್ಮುವ ಅಭ್ಯಾಸ. ಇವತ್ತು ನಾಲ್ಕು ಸಲ ಕೆಮ್ಮಿದರು.

"ಟೀಚರ್, ನಕ್ಷೆ ವಿಭಾಗದವರು ಕೋಣೆ ಕೇಳ್ತಾ ಇದಾರೆ. ಹಳೇ ನಕ್ಷೆಗಳೆಲ್ಲ ಕಾರಿಡಾರಲ್ಲಿ ಬಿದ್ದಿವೆ."

"ನಮ್ಮನ್ನೂ ಕಾರಿಡಾರಿಗೆ ಹಾಕ್ತೀರಾ?"

"ಛೆ, ಹಾಗಲ್ಲ. ತರಗತಿ ಅಂದ್ರೆ ಕೊನೇಪಕ್ಷ ನಾಲ್ಕು ಜನ ಇರಬೇಕು ಅಂತ ನಿಯಮ. ತಿಂಗಳ ಕೊನೇ ದಿನ ಬಂದು ನೋಡ್ತೀನಿ. ನಾಲ್ಕು ತಲೆ ಇದ್ರೆ ಕೋಣೆ ನಿಮ್ಮದು. ಇಲ್ಲ ಅಂದ್ರೆ... ನನ್ನ ಕೈಲೂ ಏನಿಲ್ಲ."

ಅವರು ಹೋದ ಮೇಲೆ ಅಂಚೆಯಜ್ಜ ಮೆಲ್ಲಗೆ ಕೇಳಿದ, "ನಕ್ಷೆಗಳಿಗೂ ಫ್ಯಾನ್ ಹಾಕ್ತಾರಾ ಟೀಚರ್?"

ತಿಂಗಳ ಕೊನೆಗೆ ಇನ್ನು ಹನ್ನೆರಡು ದಿನ ಇತ್ತು.

* * *

ಮನೆಗೆ ಬಂದರೆ ಅತ್ತೆ ಕಾದು ಕೂತಿದ್ದರು. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳಿದ ಅತ್ತೆಗೆ ಎರಡು ವರ್ಷದಿಂದ ದೃಷ್ಟಿ ಮಸುಕಾಗುತ್ತ ಬಂದು, ಈಗ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿದಿತ್ತು. ದಿಟ್ಟ ಹೆಂಗಸು. ಅದಕ್ಕಾಗಿ ಅತ್ತವರಲ್ಲ. ಆದರೆ ತಿಂಗಳಿಗೊಮ್ಮೆ ತಂಗಿಗೆ ಕಾಗದ ಬರೆಯುವುದು ಅವರ ನಲವತ್ತು ವರ್ಷದ ಚಾಳಿ. ಫೋನಿನಲ್ಲಿ ಮಾತಾಡಿದರೆ ತಂಗಿಯೇ ಎಲ್ಲ ಮಾತಾಡಿಬಿಡುತ್ತಾಳೆ, ಕಾಗದದಲ್ಲಾದರೆ ಅಡ್ಡ ಬಾಯಿ ಹಾಕುವಂತಿಲ್ಲ ಎಂಬುದು ಅವರ ವಾದ. ಈಗ ಆ ಕಾಗದವನ್ನು ಅವರು ಹೇಳಬೇಕು, ಸೊಸೆ ತನ್ನ ಎಡಿಟರಿನಲ್ಲಿ ಬರೆಯಬೇಕು.

"ಬರ್ಕೋ. ಪ್ರೀತಿಯ ತಂಗಿಗೆ. ನಾನು ಚೆನ್ನಾಗಿದೀನಿ. ಮಗ ಚೆನ್ನಾಗಿದಾನೆ. ಸೊಸೆ..." ಅತ್ತೆ ನಿಂತರು.

"ಸೊಸೆ?" ಟೀಚರ ಬೆರಳುಗಳು ಕೀಲಿಗಳ ಮೇಲೆ ಕಾದವು.

"ಸೊಸೆ ಕೂಡ ಚೆನ್ನಾಗಿದಾಳೆ. ಬರ್ಕೊಂಡೆಯಾ?"

"ಬರ್ಕೊಂಡೆ."

"ಇದೇ ನೋಡು ನನ್ನ ಕರ್ಮ! ಎರಡು ವರ್ಷದಿಂದ ಪ್ರತಿ ಕಾಗದದಲ್ಲೂ ಸೊಸೆ ಚೆನ್ನಾಗಿದಾಳೆ, ಸೊಸೆ ಚೆನ್ನಾಗಿದಾಳೆ. ನಿನ್ನ ಮೇಲೆ ಒಂದು ಚಾಡಿ ಹೇಳೋಣ ಅಂದ್ರೂ ನಿನ್ನ ಕೈಲೇ ಬರೆಸಬೇಕು. ಅವಳು ಏನು ಅಂದ್ಕೊಂಡಿರಬೇಡ? ಅಕ್ಕನಿಗೆ ಅರಳುಮರಳು ಅಂತ."

ಟೀಚರಿಗೆ ನಗು ತಡೆಯಲಾಗಲಿಲ್ಲ. "ಹೇಳಿ ಅತ್ತೆ, ಬರೀತೀನಿ. ಒಂದಕ್ಷರ ಬಿಡಲ್ಲ."

"ನಿನ್ನ ಎದುರಿಗೆ ಹೇಳಿದ್ರೆ ಅದು ಚಾಡಿ ಹೇಗಾಗುತ್ತೆ? ಜಗಳ ಆಗುತ್ತೆ."

ಆ ಮಾತು ಮುಗಿಯುವ ಮುಂಚೆಯೇ ಟೀಚರಿಗೆ ಹೊಳೆಯಿತು. ಎಷ್ಟೋ ಸಲ ಕರೆದಿದ್ದಳು. 'ನಾನೇ ಪಾಠ ಹೇಳಿದವಳು, ನನಗೆ ಪಾಠವೇ' ಎಂದು ಅತ್ತೆ ಮೂಗು ಮುರಿದಿದ್ದರು. ಈಗ ಹಿಡಿಯಲು ಒಂದು ತುದಿ ಸಿಕ್ಕಿತ್ತು.

"ಅತ್ತೆ, ಇದನ್ನ ಕಲಿತ್ರೆ ನೀವೇ ಬರೀಬಹುದು. ನನ್ನ ಮೇಲೆ ಏನು ಬೇಕಾದ್ರೂ. ಯಾರಿಗೂ ಗೊತ್ತಾಗಲ್ಲ."

ಅತ್ತೆ ಮುಂದಕ್ಕೆ ಬಾಗಿದರು. ಕುರ್ಚಿ ಕರಕರ ಎಂದಿತು. "ಎಷ್ಟು ದಿನ ಬೇಕು?"

* * *

ಮರುದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟದ್ದೇ ತಡ, ಟೀಚರ್ ಅತ್ತೆಯ ಕಿವಿಗೆ ಹೆಡ್‌ಫೋನು ಹಾಕಿ ಪಾಠ ಒಂದನ್ನು ಹಚ್ಚಿದಳು. 'ಕಡತ, ಬಫರು ಮತ್ತು ಕಿಟಕಿ: ಒಂದು ಪರಿಚಯ.' ಬಫರೆಂದರೆ ಬರೆಯುತ್ತಿರುವುದನ್ನು ಎಡಿಟರು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ ಎಂಬಲ್ಲಿಂದ ಶುರುವಾಗುವ ಇಪ್ಪತ್ತು ನಿಮಿಷದ ಪಾಠ. ಅವಳಿಗೆ ಬಹಳ ಹೆಮ್ಮೆಯ ಪಾಠ.

ಎರಡು ನಿಮಿಷಕ್ಕೆ ಅತ್ತೆ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಕುಕ್ಕಿದರು.

"ಏನಾಯ್ತು ಅತ್ತೆ?"

"ನಿನ್ನ ದನಿ ಅರ್ಥ ಆಯ್ತು. ನಡುವೆ ಅದೇನು, ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ?"

"ಯಾವುದು?"

"ಅದೇ, ಟರ್‌ರ್‌ರ್ ಅಂತ. ಕೆಟ್ಟುಹೋಗಿದೆಯೇನೋ ನೋಡು."

ಟೀಚರ್ ಹೆಡ್‌ಫೋನನ್ನು ಕಿವಿಗೆ ಇಟ್ಟುಕೊಂಡು ಅದೇ ಜಾಗವನ್ನು ಮತ್ತೆ ಹಾಕಿದಳು. "ಕೆಟ್ಟಿಲ್ಲ ಅತ್ತೆ. 'ಹೊಸ ಕಡತ ತೆರೆಯಲಾಗಿದೆ, ಒಂದನೇ ಸಾಲು, ಖಾಲಿ' ಅಂತ ಹೇಳ್ತಾ ಇದೆ. ಸ್ಪಷ್ಟವಾಗಿದೆ."

"ಅದು ಮಾತಾ?!"

"ಮತ್ತೆ?"

"ನೋಡು ತಾಯಿ, ಅದು ಮಾತಾಗಿದ್ರೆ, ನಾನು ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದು ಬೇರೆ ಏನೋ."

ಟೀಚರ್ ಹೆಡ್‌ಫೋನನ್ನು ಕಿವಿಯಿಂದ ತೆಗೆದಳು. ಹದಿನೈದು ವರ್ಷದಿಂದ ದಿನಕ್ಕೆ ಎಂಟು ಗಂಟೆ ಆ ದನಿಯನ್ನೇ ಕೇಳುತ್ತ ಬಂದವಳು ಅವಳು. ಮೊದಮೊದಲು ನಿಧಾನಕ್ಕೆ ಇಟ್ಟಿದ್ದಳು. ಆಮೇಲೆ ಬೇಸರ ಬಂದು ಒಂದು ಮೆಟ್ಟಿಲು ಏರಿಸಿದಳು, ಇನ್ನೊಂದು, ಮತ್ತೊಂದು. ಈಗ ಅದು ಮನುಷ್ಯರ ಮಾತಿನ ಮೂರು ಪಟ್ಟು ವೇಗದಲ್ಲಿ ಓಡುತ್ತಿತ್ತು. ಅವಳಿಗೆ ಅದು ಮಾಮೂಲು ಮಾತು. ಆ ವೇಗವೂ ಅವಳ ಏರ್ಪಾಟುಗಳ ಒಂದು ಭಾಗ. ಆ ಏರ್ಪಾಟುಗಳನ್ನು ಅವಳು ತನ್ನ ಕೈಯಾರೆ ತರಗತಿಯ ಆರೂ ಕಂಪ್ಯೂಟರುಗಳಿಗೆ ನಕಲು ಮಾಡಿದ್ದಳು.

"ಸರಿ, ವೇಗ ಕಡಿಮೆ ಮಾಡೋದು ಹೇಗೆ ಅಂತ ಹೇಳು," ಎಂದರು ಅತ್ತೆ.

"ಅದು... ಒಂಬತ್ತನೇ ಪಾಠದಲ್ಲಿದೆ."

ಅತ್ತೆ ಗಹಗಹಿಸಿ ನಕ್ಕರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಸೊಸೆ ನಗುತ್ತಿಲ್ಲ ಎಂದು ಗೊತ್ತಾದ ಮೇಲೆ ನಿಲ್ಲಿಸಿದರು.

ಟೀಚರ್ ಎದ್ದು ಹೋಗಿ, ಬಕೆಟ್ಟಿನಲ್ಲಿ ನೆನೆದಿದ್ದ ಬಟ್ಟೆಗಳನ್ನೆಲ್ಲ ಬೇಕಾದದ್ದಕ್ಕಿಂತ ಜೋರಾಗಿ ಹಿಂಡಿ ಹಾಕಿದಳು. ಗಂಡನ ಒಂದು ಅಂಗಿಯ ಗುಂಡಿ ಕಿತ್ತು ಬಂತು. ಗುಂಡಿ ಕೈಗೆ ಸಿಕ್ಕಾಗ ನೆನಪಾದದ್ದು ದರ್ಜಿ. ಎರಡನೇ ವಾರಕ್ಕೇ ತರಗತಿ ಬಿಟ್ಟವನು. ಒದ್ದೆ ಕೈಯಲ್ಲೇ ಫೋನು ಮಾಡಿದಳು.

"ದರ್ಜಿಯಣ್ಣ, ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು. ಯಾಕೆ ಬಿಟ್ರಿ?"

"ಅಯ್ಯೋ ಟೀಚರ್, ನಿಮ್ಮ ತಪ್ಪೇನಿಲ್ಲ, ನಂದೇ," ದರ್ಜಿಯ ದನಿ ಕುಗ್ಗಿತು. "ಅಷ್ಟು ಚೆನ್ನಾಗಿ ಹೇಳಿಕೊಡ್ತಿದ್ರಿ. ನನಗೇ ಆ ಮಿಷಿನ್ನಿನ ಒಂದು ಪದಾನೂ ತಿಳೀತಿರಲಿಲ್ಲ. ಪಕ್ಕದಲ್ಲಿ ಅಂಚೆಯಜ್ಜ ಆರಾಮಾಗಿ ಕೂತು ಕೇಳೋರು, ಹೂಂ ಹೂಂ ಅನ್ನೋ ಸದ್ದೂ ಬರೋದು. ನಾನು ಏನು ಅಂದ್ಕೊಂಡೆ ಅಂದ್ರೆ... ಕಣ್ಣಂತೂ ಹೋಯ್ತು, ಈಗ ಕಿವೀನೂ ಹೋಗ್ತಿದೆ ಅಂತ. ಹೆಂಡತಿಗೆ ಹೇಳಿಲ್ಲ. ಕಿವಿ ಡಾಕ್ಟರ ಹತ್ರ ಹೋಗಿ ಬಂದೆ. ಎಲ್ಲ ಸರಿ ಇದೆ ಅಂದ್ರು. ಸುಳ್ಳು ಹೇಳ್ತಿದಾರೆ ಅಂದ್ಕೊಂಡೆ."

ಟೀಚರ್ ಬಕೆಟ್ಟಿನ ಪಕ್ಕದಲ್ಲೇ ಕುಳಿತಳು. ಮುನ್ನೂರು ಪುಟದ ಕೈಪಿಡಿಯಾದರೂ ಯಾರನ್ನೂ ಕಿವಿ ಡಾಕ್ಟರ ಹತ್ತಿರ ಕಳಿಸಿರಲಿಲ್ಲ.

"ಅಣ್ಣ, ನಿಮ್ಮ ಕಿವಿಗೆ ಏನೂ ಆಗಿಲ್ಲ. ಬುದ್ಧಿ ಇಲ್ಲದ್ದು ನನಗೆ," ಎಂದಳು. ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆಯಿಂದ ಮೂಗು ಏರಿಸಿದ ಸದ್ದು, ಅದರ ಹಿಂದೆಯೇ ನಗು.

"ನಾವೆಲ್ಲ ನಿಮಗೆ ಬಿರುಗಾಳಿ ಟೀಚರ್ ಅಂತ ಹೆಸರಿಟ್ಟಿದ್ವಿ, ಗೊತ್ತಾ?"

"ಗೊತ್ತು. ಹೊಗಳ್ತಿದೀರಿ ಅಂದ್ಕೊಂಡಿದ್ದೆ."

* * *

ಅವತ್ತಿನಿಂದ ಮನೆಯಲ್ಲಿ ಯಾರು ಟೀಚರು, ಯಾರು ವಿದ್ಯಾರ್ಥಿ ಎಂಬುದೇ ಗೊತ್ತಾಗದಂತಾಯಿತು. ಅತ್ತೆ ಕಲಿಯಲು ಕುಳಿತವರು, ಪ್ರತಿ ಪಾಠಕ್ಕೂ ಕೆಂಪು ಶಾಯಿ ಹಾಕುವವರ ಹಾಗೆ ತಿದ್ದತೊಡಗಿದರು.

"ಮೊದಲನೇ ದಿನ ಬಫರು ಅಂತೀಯಲ್ಲ, ಮಗು ಶಾಲೆಗೆ ಬಂದ ದಿನ ನಾವು ಏನು ಹೇಳಿಕೊಡ್ತೀವಿ ಗೊತ್ತಾ?"

"ಅಕ್ಷರ?"

"ತಲೆ! ಬಚ್ಚಲು ಎಲ್ಲಿದೆ ಅಂತ ತೋರಿಸ್ತೀವಿ. ಅದು ಗೊತ್ತಿಲ್ಲ ಅಂದ್ರೆ ಮಗು ದಿನವಿಡೀ ಅದೇ ಚಿಂತೇಲಿ ಕೂತಿರುತ್ತೆ, ಅಕ್ಷರ ತಲೆಗೆ ಹೋಗಲ್ಲ. ಇಲ್ಲಿ ನನಗೆ ಏನು ಚಿಂತೆ ಹೇಳು? ಏನೋ ಒತ್ತಿದೆ, ಅದು ಬಡಬಡ ಶುರು ಮಾಡ್ತು. ನಿಲ್ಲಿಸೋದು ಹೇಗೆ ಗೊತ್ತಿಲ್ಲ. ಇನ್ನೊಂದು ಒತ್ತಿದ್ರೆ ಇನ್ನೂ ಏನು ಹೇಳುತ್ತೋ ಅಂತ ಕೈ ನಡುಗುತ್ತೆ. ಮೊದಲು ಇದರ ಬಾಯಿ ಮುಚ್ಚಿಸೋದು ಹೇಗೆ ಹೇಳಿಕೊಡು. ಮಿಕ್ಕಿದ್ದು ಆಮೇಲೆ."

ಬಾಯಿ ಮುಚ್ಚಿಸುವುದು! ಹನ್ನೆರಡು ಪಾಠದಲ್ಲಿ ಎಲ್ಲೂ ಅದು ಇರಲಿಲ್ಲ. ಅವಳ ಬೆರಳು ಅದನ್ನು ದಿನಕ್ಕೆ ಸಾವಿರ ಸಲ ಮಾಡುತ್ತಿತ್ತು, ಉಸಿರಾಡಿದ ಹಾಗೆ. ಉಸಿರಾಟವನ್ನು ಯಾರು ಪಾಠದಲ್ಲಿ ಬರೆಯುತ್ತಾರೆ?

"ಎಡಗೈ ಕಿರುಬೆರಳು. ಕೀಲಿಮಣೆಯ ಎಡಗಡೆ ಕೊನೆ, ಎಲ್ಲಕ್ಕಿಂತ ಕೆಳಗೆ. ಮೂಲೇಲಿ ಒಂದು ಕೀಲಿ ಸಿಕ್ತಾ? ಒತ್ತಿ."

ಯಂತ್ರ ನಡುಪದದಲ್ಲೇ ನಿಂತಿತು.

ಅತ್ತೆ ಮತ್ತೆ ಮಾತಾಡಿಸಿದರು. ಮತ್ತೆ ಒತ್ತಿದರು. ನಿಂತಿತು. ಹೀಗೆ ಹತ್ತು ಸಲ ಮಾಡಿದರು, ಹತ್ತು ಸಲವೂ ನಿಂತಿತು. "ಆಹಾ!" ಎಂದರು. "ಇಂಥ ಕೀಲಿ ಒಂದು ನಿನ್ನ ಮಾವನಿಗೆ ಇದ್ದಿದ್ರೆ."

ಹೊಸ ಪಾಠ ಒಂದು ಹಾಗೆ ಹುಟ್ಟಿತು. ಐದೇ ನಿಮಿಷ. ಮೂಲೆಯ ಕೀಲಿ ಎಲ್ಲಿದೆ, ಹೇಗೆ ಸುಮ್ಮನಿರಿಸುವುದು, ಅಷ್ಟೇ. ಪಾಠ ಎರಡು ವೇಗ ತಗ್ಗಿಸುವುದು. ಪಾಠ ಮೂರರಲ್ಲಿ ಎರಡು ತೋರುಬೆರಳನ್ನು ಇಡಬೇಕಾದ, ಮುಟ್ಟಿದರೆ ಗೊತ್ತಾಗುವ ಎರಡು ಉಬ್ಬುಗೆರೆ ಹುಡುಕುವುದು. ಬಫರು ಎಲ್ಲೋ ಬೆಟ್ಟದಾಚೆಗೆ ಹೋಯಿತು. ಧ್ವನಿಮುದ್ರಿಸುವಾಗ ಅತ್ತೆ ಪಕ್ಕದಲ್ಲೇ ಕೂತು "ಯಾವ ಕೈ?", "ಒತ್ತಿ ಹಿಡೀಬೇಕಾ, ಒತ್ತಿ ಬಿಡಬೇಕಾ?", "ತಪ್ಪು ಒತ್ತಿದ್ರೆ ಸುಟ್ಟುಹೋಗುತ್ತಾ?" ಎಂದು ಕೇಳುತ್ತಲೇ ಇದ್ದರು. ಮೊದಲು ಟೀಚರ್ ಅದನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದಳು. ಆಮೇಲೆ, ತೆಗೆದರೆ ಉಳಿಯುವುದು ತನ್ನ ಪಾಂಡಿತ್ಯ ಮಾತ್ರ ಎಂದು ಹೊಳೆದು ಹಾಗೇ ಬಿಟ್ಟಳು. ನಾಲ್ಕನೇ ಪಾಠದ ನಡುವೆ ಯಾರೋ ಬಾಗಿಲ ಗಂಟೆ ಬಾರಿಸಿದ್ದು, ಅತ್ತೆ "ಯಾರದು, ಸ್ವಲ್ಪ ತಡ್ಕೊಳ್ಳಿ, ಕಲೀತಿದೀವಿ" ಎಂದು ಕೂಗಿದ್ದು ಕೂಡ ಉಳಿಯಿತು.

ಬಿಟ್ಟುಹೋದ ಐವರ ಫೋನಿಗೂ ಪಾಠಗಳು ಹೋದವು. ದರ್ಜಿಯದು ಆ ಸಂಜೆಯೇ ಉತ್ತರ ಬಂತು: "ಮನೇಲಿರೋ ಕಂಪ್ಯೂಟರಲ್ಲಿ ಮೂಲೆ ಕೀಲಿ ಸಿಕ್ತು. ಆ ಅಮ್ಮ ಯಾರು? ನಾನು ಕೇಳಬೇಕು ಅಂತಿದ್ದದ್ದನ್ನೆಲ್ಲ ಅವರೇ ಕೇಳಿದ್ರು." ಮಿಕ್ಕ ನಾಲ್ವರಲ್ಲಿ ಒಬ್ಬರು ಊರಲ್ಲಿರಲಿಲ್ಲ, ಇಬ್ಬರು ಉತ್ತರಿಸಲಿಲ್ಲ. ದೂರವಾಣಿ ಕಚೇರಿಯಲ್ಲಿದ್ದ ಆಪರೇಟರಮ್ಮ ಮಾತ್ರ "ನೋಡೋಣ" ಎಂದಿದ್ದರು.

* * *

ತಿಂಗಳ ಕೊನೆಯ ದಿನ. ಟೀಚರ್ ಬೇಗ ಬಂದು ಆರೂ ಕಂಪ್ಯೂಟರುಗಳ ವೇಗ ತಗ್ಗಿಸಿ, ಕುರ್ಚಿಗಳನ್ನು ಸರಿಮಾಡಿ ಕುಳಿತಳು. ಗ್ರಂಥಪಾಲಕರು ಬರುವುದು ಹನ್ನೊಂದಕ್ಕೆ.

ಅಂಚೆಯಜ್ಜ ಎಂದಿನಂತೆ ಫ್ಯಾನಿನ ಕೆಳಗೆ ಕುಳಿತ. ಹೆಡ್‌ಫೋನು ಹಾಕಿಕೊಂಡವನೇ ಬೆಚ್ಚಿ, "ಟೀಚರ್! ಇದು ಮಾತಾಡ್ತಿದೆ!" ಎಂದ.

"ಇಷ್ಟು ದಿನ ಏನು ಮಾಡ್ತಿತ್ತು ಅಂದ್ಕೊಂಡಿದ್ರಿ?"

"ಫ್ಯಾನಿನ ಸದ್ದು ಅಂದ್ಕೊಂಡಿದ್ದೆ."

ಹತ್ತೂವರೆಗೆ ದರ್ಜಿ ಬಂದ. ಹತ್ತೂಮುಕ್ಕಾಲಿಗೆ ಆಪರೇಟರಮ್ಮ ಬಂದರು, "ನೋಡಿ, ಇವತ್ತೊಂದು ದಿನ" ಎನ್ನುತ್ತ. ಮೂವರಾದರು. ಹನ್ನೊಂದಕ್ಕೆ ಐದು ನಿಮಿಷ. ಮೆಟ್ಟಿಲ ಕಡೆಗೆ ಕಿವಿ ನೆಟ್ಟಿದ್ದ ಟೀಚರಿಗೆ ಹೆಜ್ಜೆ ಕೇಳಿಸಿತು. ಒಂದೊಂದು ಮೆಟ್ಟಿಲಿಗೂ ಉಸ್ಸೆನ್ನುವ, ಬಹಳ ಪರಿಚಯದ ಹೆಜ್ಜೆ. ಜೊತೆಗೆ ಗಂಡನ ದನಿ: "ನಿಧಾನ ಅಮ್ಮಾ, ಇನ್ನೆರಡು ಮೆಟ್ಟಿಲು."

"ಅತ್ತೆ! ನೀವ್ಯಾಕೆ ಬಂದ್ರಿ?"

"ಪಾಠಕ್ಕೆ. ಮನೇಲಿ ಟೀಚರ್ ಸರಿಯಿಲ್ಲ, ಮಾತು ಮಾತಿಗೂ ಒಲೆ ನೋಡೋಕೆ ಎದ್ದು ಹೋಗ್ತಾಳೆ."

ಅವರ ಬೆನ್ನಿಗೇ ಚಪ್ಪಲಿ ಕಿರ್ರೆಂದಿತು. ಗ್ರಂಥಪಾಲಕರು ಸದ್ದಿಲ್ಲದೆ ಎಣಿಸಿದರು. ಆಮೇಲೆ ಕೆಮ್ಮು, ಎರಡು ಸಲ.

"ನಾಲ್ಕು ತಲೆ ಇವೆ. ಆದ್ರೆ ಟೀಚರ್, ಇವರು ನಿಮ್ಮ ಅತ್ತೆ ಅಲ್ವಾ? ಮನೆಯವರನ್ನ ಕೂರಿಸಿ ತೋರಿಸಿದ್ರು ಅಂತ ನಾಳೆ ನಕ್ಷೆಯವರು ತಕರಾರು ತೆಗೀತಾರೆ. ನಿಜವಾಗಿ ಕಲಿಯೋರು ಅಂತ ನಾನು ಬರೆಯೋದು ಹೇಗೆ?"

ಮೂರನೇ ಕೆಮ್ಮು ಬರುವ ಮುಂಚೆ ಅತ್ತೆ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಹೆಡ್‌ಫೋನಿನ ತಂತಿ ಕಿತ್ತರು, ಎಲ್ಲರಿಗೂ ಕೇಳಲಿ ಎಂದು. ಎರಡು ತೋರುಬೆರಳಿನಿಂದ ಉಬ್ಬುಗೆರೆ ಹುಡುಕಿದರು. ಟಕ್. ಯಂತ್ರ ಹೇಳಿತು: "ಸ." ಟಕ್. ತಪ್ಪಾಯಿತು, ಅಳಿಸಿದರು. ಮತ್ತೆ ಟಕ್. ಟೀಚರ ಕೈಗಳು ತಾವಾಗಿಯೇ ಮುಂದಕ್ಕೆ ಹೋದವು. ಸೆರಗನ್ನು ಬಿಗಿಯಾಗಿ ಹಿಡಿದು ಅವನ್ನು ಮಡಿಲಲ್ಲೇ ಕಟ್ಟಿಹಾಕಿದಳು. ಆರು ನಿಮಿಷ ಹಿಡಿಯಿತು. ಕೊನೆಗೆ ಅತ್ತೆ ಸಾಲಿನ ಮೊದಲಿಗೆ ಹೋಗಿ ಕೀಲಿಯೊಂದನ್ನು ಒತ್ತಿದರು. ಯಂತ್ರ, ಒಂದನೇ ತರಗತಿಯ ಮಗು ಓದುವಷ್ಟು ನಿಧಾನವಾಗಿ ಓದಿತು:

"ಸರ್ ನನ್ನ ಹೆಸರು ಬರೆದುಕೊಳ್ಳಿ ನಾನು ಇಲ್ಲಿ ಅತ್ತೆ ಅಲ್ಲ."

ದರ್ಜಿ ಮೊದಲು ಚಪ್ಪಾಳೆ ತಟ್ಟಿದ. ಗ್ರಂಥಪಾಲಕರು ಕೆಮ್ಮಲು ಹೋಗಿ ನಕ್ಕುಬಿಟ್ಟರು. ಪುಸ್ತಕ ತೆರೆದ ಸದ್ದು, ಪೆನ್ನಿನ ಸರಸರ. "ಬರ್ಕೊಂಡೆ ತಾಯಿ. ಕೋಣೆ ನಿಮ್ಮದೇ."

"ಫ್ಯಾನು?" ಎಂದ ಅಂಚೆಯಜ್ಜ.

* * *

ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಕಂಪ್ಯೂಟರಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂರು ಗಂಟೆ ಕಾಲ ಟಕ್, ಟಕ್, ನಡುವೆ ಗೊಣಗು, ನಡುವೆ ಖುಷಿಯ ನಗು. ಟೀಚರ್ ಇತ್ತ ಒಗೆದ ಬಟ್ಟೆ ಮಡಚುತ್ತ ಜಾಣಕಿವುಡಿಯಂತಿದ್ದಳು. ಬಾಗಿಲು ತೆರೆದು ಅತ್ತೆ "ಬರೆದು ಉಳಿಸಿದೀನಿ. ನಾಳೆ ಕಳಿಸೋದು ಹೇಗೆ ಹೇಳಿಕೊಡು, ಓದಬೇಡ," ಎಂದು ಹೇಳಿ ಮುಖ ತೊಳೆಯಲು ಹೋದರು.

ಟೀಚರ್ ಕಂಪ್ಯೂಟರು ಆರಿಸಲು ಕೂತಳು. ಕೀಲಿ ತಡವುವಾಗ ಬೆರಳು ಎಲ್ಲೋ ತಗುಲಿತು. ಅವಳ ವೇಗದಲ್ಲಿದ್ದರೆ ಅಷ್ಟರಲ್ಲಿ ಇಡೀ ಕಾಗದ ಮುಗಿದಿರುತ್ತಿತ್ತು. ಆದರೆ ಯಂತ್ರ ಅತ್ತೆಯ ವೇಗದಲ್ಲಿತ್ತು. ಒಂದೊಂದೇ ಪದವಾಗಿ ಶುರುಮಾಡಿತು: "ನನ್ನ... ಸೊಸೆ... ಇದಾಳಲ್ಲ... ಅವಳು..."

ಎಡಗೈ ಕಿರುಬೆರಳು ಮೂಲೆಗೆ ಹೋಯಿತು. ಯಂತ್ರ ಸುಮ್ಮನಾಯಿತು.

"ಏನು ಕೇಳಿಸ್ಕೊಂಡೆ?" ಬಚ್ಚಲಿನಿಂದ ಅತ್ತೆಯ ದನಿ.

"'ಅವಳು' ಅನ್ನೋವರೆಗೆ."

"ಆಮೇಲೆ?"

"ಮೊದಲನೇ ಪಾಠ ಮಾಡಿದೆ."

ನೀರಿನ ನಲ್ಲಿ ನಿಂತಿತು. ಅತ್ತೆ ಹೇಳಿದರು, "ಕೆಳಗಡೆ ಒಂದೆರಡು ಸಾಲು ಒಳ್ಳೇದೂ ಬರೆದಿದೀನಿ. ಬೇಕಾದ್ರೆ ಅಷ್ಟು ಕೇಳಿಸ್ಕೋ."

"ಬೇಡ ಅತ್ತೆ," ಎಂದಳು ಟೀಚರ್, ಯಂತ್ರವನ್ನು ಆರಿಸುತ್ತ. "ಅದನ್ನ ಚಿಕ್ಕಮ್ಮ ಓದಲಿ. ನೀವು ಬೇಕಾದ್ರೆ ಬೈದಿದ್ದನ್ನ ಮುಖಕ್ಕೇ ಹೇಳಿ, ಜಗಳ ಆಡೋಣ."